ವಿಭೂತಿ ಹತ್ತಿದ ಡಬ್ಬಿ

ಹೋದ ವರ್ಷ ಆಯುಧಪೂಜೆಯ ದಿನ ಕಂಪ್ಲಿಗೆ ಹೋಗಿದ್ದೆ. ಅಣ್ಣನ ಮಗಳ ಹೊಸ ಮನೆ ನೋಡಿಬರುತ್ತೇನೆಂದು ಮನೆಯಲ್ಲಿ ಹೇಳಿದ್ದು ನೆಪ. ನಿಜವಾಗಿ ನೋಡಬೇಕಾಗಿದ್ದುದು ಒಂದು ಕಾಲಕ್ಕೆ ನನ್ನ ಜೊತೆ ಕೆಲಸಕ್ಕಿದ್ದ ಗಿರಿಜಾಳ ಕಂಪ್ಯೂಟರ್ ತರಬೇತಿ ಕೇಂದ್ರವನ್ನು. ಒಳಗೆ ಹೋಗುವ ಇರಾದೆಯೇನೂ ಇರಲಿಲ್ಲ. ಎದುರಿನಿಂದ ಹಾದು, ಬೋರ್ಡಿನ ಬಣ್ಣ ಮಾಸಿದೆಯೋ, ಬಾಗಿಲಲ್ಲಿ ಚಪ್ಪಲಿಗಳು ಕಡಿಮೆಯಾಗಿವೆಯೋ ನೋಡಿಕೊಂಡು, ಸಾಧ್ಯವಾದರೆ ಸ್ವಲ್ಪ ಸಮಾಧಾನಪಟ್ಟುಕೊಂಡು ಹೊಸಪೇಟೆಯ ಬಸ್ಸು ಹತ್ತುವುದೆಂದು ಅಂದುಕೊಂಡಿದ್ದೆ. ಬೋರ್ಡು ಹೊಸದಾಗಿತ್ತು. ಚಪ್ಪಲಿಗಳು ಮೆಟ್ಟಿಲಿಳಿದು ರಸ್ತೆಯವರೆಗೆ ಬಂದಿದ್ದವು. ಬಾಗಿಲ ಎರಡೂ ಕಡೆ ಕಬ್ಬಿನ ಜಲ್ಲೆ ಕಟ್ಟಿದ್ದರು. ಒಳಗಿನಿಂದ ವಿಭೂತಿ, ಕೊಯ್ದ ನಿಂಬೆಹಣ್ಣು, ಬಿಸಿಯಾದ ಯಂತ್ರ, ಮೂರೂ ಕೂಡಿದ ಒಂದು ವಾಸನೆ ಬಂತು. ನನ್ನ ಕಾಲು ಅಲ್ಲೇ ನಿಂತಿತು.

ಹೊಟ್ಟೆಕಿಚ್ಚು ನನಗೆ ಚಿಕ್ಕಂದಿನಿಂದಲೂ ರೂಢಿ. ಅಕ್ಕನ ಜಡೆ ಉದ್ದವೆಂದು, ಪಕ್ಕದ ಮನೆಯವಳಿಗೆ ಹಾರ್ಮೋನಿಯಂ ಕೊಡಿಸಿದರೆಂದು, ಕೊನೆಗೆ ದೇವರ ಮುಂದೆ ಅತ್ತಿಗೆಯ ರಂಗೋಲಿ ನೆಟ್ಟಗೆ ಬಂತೆಂದು ಕೂಡ ಉರಿದುಕೊಂಡವಳು ನಾನು. ನಮ್ಮವ್ವ ಹೇಳುತ್ತಿದ್ದಳು, ಎಲ್ಲ ರೋಗಕ್ಕೂ ಮದ್ದುಂಟು, ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಅಂತ. ಆದರೂ ಗಿರಿಜಾಳ ಮೇಲೆ ಪಟ್ಟಷ್ಟು ಹೊಟ್ಟೆಕಿಚ್ಚನ್ನು ನಾನು ಇನ್ನಾರ ಮೇಲೂ ಪಟ್ಟಿಲ್ಲ. ಅಷ್ಟನ್ನೂ ಪಟ್ಟದ್ದು ಒಂದೇ ಒಂದು ಕಬ್ಬಿನ ಹಂಗಾಮಿನಲ್ಲಿ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹೊಸಪೇಟೆಯ ಸುತ್ತ ಕಾಲುವೆ ತುಂಬಿ ಹರಿಯುತ್ತಿತ್ತು. ರಸ್ತೆಯ ಈಚೆ ಭತ್ತ, ಆಚೆ ಬಾಳೆ, ಕಣ್ಣು ಹಾಯುವವರೆಗೂ ಕಬ್ಬು. ಆ ಕಬ್ಬು ನುರಿಸುವ ಒಂದು ಕಾರ್ಖಾನೆಯಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕಿದ್ದೆ. ಅದರ ಹೆಸರು ಇಲ್ಲಿ ಬೇಡ. ನಾನು ಕೂರುತ್ತಿದ್ದುದು ಆಫೀಸಿನಲ್ಲಿ. ಅಂಗಳದ ಆಚೆ ಕಡೆ, ಬಂಡಿ ಟ್ರ್ಯಾಕ್ಟರುಗಳು ಬಂದು ನಿಲ್ಲುವ ಯಾರ್ಡಿನಲ್ಲಿ, ಕಬ್ಬು ತೂಗುವ ತೂಕದ ಮನೆಯಿತ್ತು. ಅಲ್ಲಿನ ಕಂಪ್ಯೂಟರಿಗೆ ಬಂದವಳು ಗಿರಿಜಾ. ಸಂಡೂರು ತಾಲೂಕಿನ ಬಂಡ್ರಿಯವಳು, ಬಳ್ಳಾರಿಯಲ್ಲಿ ಕಲಿತು ಬಂದಿದ್ದಳು, ವಯಸ್ಸಿನಲ್ಲಿ ನನ್ನ ಓರಗೆಯವಳು. ಇಬ್ಬರೂ ತಾತ್ಕಾಲಿಕ. ಹಂಗಾಮು ಶುರುವಾದ ಮೇಲೆ ಒಬ್ಬರನ್ನು ಖಾಯಂ ಮಾಡಿ ಎರಡೂ ಕಡೆಯ ಮೇಲ್ವಿಚಾರಣೆ ಕೊಡುತ್ತೇವೆ ಎಂದು ಮ್ಯಾನೇಜರ್ ಬಸನಗೌಡರು ಮೊದಲೇ ಹೇಳಿಬಿಟ್ಟಿದ್ದರು. ನನಗೆ ಆ ಕುರ್ಚಿ ಬೇಕಾಗಿತ್ತು. ಅಪ್ಪ ನಿವೃತ್ತರಾಗಿದ್ದರು, ನನ್ನ ಮದುವೆಯ ಮಾತು ಎದ್ದಾಗಲೆಲ್ಲ ನೌಕರಿ ಖಾಯಮ್ಮೋ ಅಲ್ಲವೋ ಎಂಬ ಪ್ರಶ್ನೆ ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅದು ಗಿರಿಜಾಳಿಗೆ ಸಿಗಬಾರದಾಗಿತ್ತು.

ಅವಳ ಮೇಲೆ ಯಾಕಿಷ್ಟು ಉರಿ ಅಂದರೆ, ಅವಳಿಗೆ ಎಲ್ಲವೂ ಸಲೀಸು. ಯಾರ್ಡಿನ ಬಂಡಿಯವರ ಜೊತೆ ಎತ್ತಿನ ಸುದ್ದಿ ಮಾತಾಡುತ್ತಿದ್ದಳು, ಗೌಡರ ಜೊತೆ ಯಂತ್ರದ ಸುದ್ದಿ. ನಾನು ಗೌಡರ ಮುಂದೆ ನಿಂತರೆ ಸೆರಗು ಸರಿಮಾಡಿಕೊಳ್ಳುವುದರಲ್ಲೇ ಹೇಳಬೇಕಾದ ಮಾತು ಮರೆತು ಹೋಗುತ್ತಿತ್ತು. ಅವಳು ನಗುತ್ತಿದ್ದರೆ ಅಂಗಳದ ಈಚೆ ದಂಡೆಗೆ ಕೂತ ನನಗೂ ಕೇಳಿಸುತ್ತಿತ್ತು. ಕಾರ್ಖಾನೆಯವರು ನಮ್ಮಿಬ್ಬರ ಹೆಸರನ್ನು ಕೂಡಿಸಿ ಗಿರಿಜಾ-ವಾರಿಜಾ ಎಂದು ಒಂದೇ ಉಸಿರಿಗೆ ಕರೆಯುತ್ತಿದ್ದರು. ನಾನು ಮೊದಲು ಬಂದವಳು, ಆದರೂ ಅವಳ ಹೆಸರೇ ಮುಂದೆ. ಇದನ್ನು ಯಾರಿಗಾದರೂ ಹೇಳಿಕೊಂಡರೆ ನಗುತ್ತಾರೆಂದು ನುಂಗಿಕೊಂಡಿದ್ದೆ.

ಆಫೀಸಿನ ಕಂಪ್ಯೂಟರುಗಳನ್ನೂ ತೂಕದ ಮನೆಯ ಕಂಪ್ಯೂಟರುಗಳನ್ನೂ ಕೂಡಿಸಿದ್ದು ಆ ವರ್ಷವೇ. ಹುಬ್ಬಳ್ಳಿಯಿಂದ ಒಬ್ಬ ಎಂಜಿನಿಯರ್ ಬಂದು ಅಂಗಳದ ಕಂಬಗಳ ಮೇಲೆ ತಂತಿ ಎಳೆಸಿ, ಈ ತುದಿಗೊಂದು ಆ ತುದಿಗೊಂದು ರೂಟರ್ ಎಂಬ ಡಬ್ಬಿ ಇಟ್ಟು ಹೋಗಿದ್ದ. ಎರಡೂ ಅವಳಿ ಜವಳಿ, ಒಂದೇ ಬಣ್ಣ, ಒಂದೇ ಅಳತೆ. ನಮಗೆ ಅವನು ಹೇಳಿಕೊಟ್ಟದ್ದು ಇಷ್ಟು: ಪ್ರತಿ ಡಬ್ಬಿಯೂ ತನ್ನ ಕಡೆಯ ಕಂಪ್ಯೂಟರುಗಳಿಗೆ ಹೊರಬಾಗಿಲು. ಪ್ರತಿ ಬಾಗಿಲಿಗೂ ಒಂದು ನಂಬರು. ಆಫೀಸಿನ ಕಂಪ್ಯೂಟರು ಆಫೀಸಿನ ಬಾಗಿಲ ನಂಬರನ್ನೇ ಹುಡುಕಿ ಹೋಗುತ್ತದೆ, ಯಾರ್ಡಿನದು ಯಾರ್ಡಿನ ನಂಬರನ್ನು. ಬಾಗಿಲು ಇದೆಯೋ ಇಲ್ಲವೋ ತಿಳಿಯಬೇಕಾದರೆ ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಆ ನಂಬರು ಹೊಡೆದು ಕೇಳಬೇಕು. ಇದ್ದರೆ ಇದ್ದೇನೆ ಎಂದು ತಕ್ಷಣ ಉತ್ತರ, ಇಲ್ಲದಿದ್ದರೆ ಕಾದು ಸಾಕಾಯಿತು ಎಂಬ ಒಂದು ಸಾಲು. ಡಬ್ಬಿಯ ಒಳಗಿನ ವ್ಯವಸ್ಥೆ ಬದಲಿಸುವ ಗುಪ್ತಪದವನ್ನು ಅವನು ನಮಗೆ ಕೊಡಲಿಲ್ಲ. ಹೆಣ್ಣುಮಕ್ಕಳು ಕೆಡಿಸಿಬಿಟ್ಟಾರೆಂದು ಹೆದರಿಕೆ ಇದ್ದಿರಬೇಕು.

ದಸರೆ ಬಂತು. ಕಾರ್ಖಾನೆಯ ಪದ್ಧತಿಯೆಂದರೆ, ಆಯುಧಪೂಜೆಗೆ ಯಾರ ಆಯುಧವೂ ಇದ್ದಲ್ಲೇ ಇರುವಂತಿಲ್ಲ. ಎಲ್ಲ ಬಂದು ಗಿರಣಿಯ ಪಡಸಾಲೆಯಲ್ಲಿ ದೇವಿಯ ಪಟದ ಮುಂದೆ ಕೂರಬೇಕು. ಫಿಟ್ಟರುಗಳ ಪಾನಾ, ಗಾಡಿಯವರ ಜಾಕು, ಅಡಿಗೆಯವರ ಸೌಟು, ಲೆಕ್ಕದ ಗುಮಾಸ್ತರ ಪೆನ್ನು ಕೂಡ. ಒಮ್ಮೆ ಇಟ್ಟ ಮೇಲೆ ಆ ದಿನ ಯಾರೂ ಮುಟ್ಟಬಾರದು. ಮರುದಿನ ವಿಜಯದಶಮಿಗೆ ಎತ್ತಿ ಅವರವರ ಜಾಗಕ್ಕೆ ಸೇರಿಸುವುದು ಅಟೆಂಡರ್ ಹನುಮಂತಪ್ಪನ ಪಾಲಿನ ಸೇವೆ. ಕಂಪ್ಯೂಟರುಗಳನ್ನು ಹೊತ್ತು ತರುವುದಾಗುವುದಿಲ್ಲ, ಅವಕ್ಕೆ ಇದ್ದಲ್ಲೇ ಒಂದು ಹೂವು ಸಾಕು ಎಂದು ನಾನು ಸುಮ್ಮನಿದ್ದೆ. ಗಿರಿಜಾ ಸುಮ್ಮನಿರಲಿಲ್ಲ. ಎಲ್ಲರ ಆಯುಧ ಕೂತಿರುವಾಗ ನಮ್ಮದು ಯಾಕೆ ಬೇಡ, ಕಂಪ್ಯೂಟರಿನ ಪರವಾಗಿ ಡಬ್ಬಿ ಬರಲಿ ಎಂದು ತನ್ನದನ್ನು ಬಿಚ್ಚಿ ತಂದಳು. ನನ್ನದನ್ನೂ ಬಿಚ್ಚಿಸಿ ತರಿಸಿದಳು. ಗೌಡರಿಗೆ ಆ ಮಾತು ಭಾಳ ಹಿಡಿಸಿತು. ಈ ಹುಡುಗಿಗೆ ತಲೆ ಇದೆ ಎಂದು ಪೂಜಾರಿಗೂ ಕೇಳಿಸುವಂತೆ ಹೇಳಿದರು. ನನಗೆ ಅದು ಹೊಳೆಯಲಿಲ್ಲವಲ್ಲ ಎಂದು ನಾನು ಅಲ್ಲೇ ನಿಂತು ಬೆಂದೆ.

ನಮ್ಮದು ವೈಷ್ಣವರ ಮನೆ, ವಿಭೂತಿ ಮುಟ್ಟಿ ಗೊತ್ತಿಲ್ಲ. ನಾನು ನನ್ನ ಡಬ್ಬಿಯ ನೆತ್ತಿಗೆ ಒಂದು ಕುಂಕುಮದ ಬೊಟ್ಟು ಇಟ್ಟು ಅಕ್ಷತೆ ಹಾಕಿದೆ. ಗಿರಿಜಾ ಬಂಡ್ರಿಯ ಮಠದಿಂದ ತಂದಿದ್ದ ವಿಭೂತಿಯ ಗಟ್ಟಿಯನ್ನು ನೀರಲ್ಲಿ ತೇಯ್ದು, ಮೂರು ಬೆರಳು ಅದ್ದಿ, ತನ್ನ ಡಬ್ಬಿಯ ಮೇಲೆ ಈ ಅಂಚಿನಿಂದ ಆ ಅಂಚಿಗೆ ಎಳೆದಳು. ಮೂರು ಗೆರೆ ಎಲ್ಲೂ ಕೂಡದೆ, ಎಲ್ಲೂ ನಡುಗದೆ ಬಂದವು. ಏನು ಚಂದ ಹಚ್ಚಿದಿ ಎಂದರು ಗೌಡರು. ನಾನು ಆ ಬೆರಳುಗಳನ್ನು, ಆ ಗೆರೆಗಳನ್ನು ಎಷ್ಟು ಹೊತ್ತು ನೋಡುತ್ತ ನಿಂತೆನೋ. ಅಂಥ ಗಮನದಿಂದ ನಾನು ಪರೀಕ್ಷೆಗೂ ಓದಿರಲಿಲ್ಲ.

ವಿಜಯದಶಮಿಗೆ ಅವಳು ಬಂಡ್ರಿಗೆ ಹೋದಳು, ನಾನು ಮನೆಯಲ್ಲಿದ್ದೆ. ಹನುಮಂತಪ್ಪ ಪಾನಾ, ಜಾಕು, ಸೌಟುಗಳ ಜೊತೆಗೆ ಡಬ್ಬಿಗಳನ್ನೂ ಅವುಗಳ ಜಾಗದಲ್ಲಿಟ್ಟು ತಂತಿ ಸಿಕ್ಕಿಸಿದ. ಆಮೇಲೆ ಬಾಯ್ಲರಿನ ಪೂಜೆಯಾಗಿ ಬೆಂಕಿ ಹಾಕಿದರು. ಚಿಮಣಿಯಿಂದ ಹೊಗೆ ಎದ್ದದ್ದನ್ನು ನೋಡಿಯೇ ಸುತ್ತಲ ಹಳ್ಳಿಯವರು ಬಂಡಿ ಕಟ್ಟಿದರು. ಹಂಗಾಮಿನ ಮೊದಲ ಬೆಳಗು ಬಂಡಿಗಳ ಸಾಲು ಗೇಟಿನಿಂದ ಕಾಲುವೆಯ ಸೇತುವೆಯವರೆಗೂ ನಿಂತಿತ್ತು. ಆ ಬೆಳಗ್ಗೆಯೇ ಯಾರ್ಡಿನಿಂದ ಆಫೀಸಿಗೆ ತೂಕ ಬರುವುದು ನಿಂತುಹೋಗಿತ್ತು.

ವಿಚಿತ್ರವೆಂದರೆ ಎರಡೂ ಡಬ್ಬಿಗಳಲ್ಲಿ ಹಸಿರು ದೀಪ ಉರಿಯುತ್ತಿತ್ತು. ಡಬ್ಬಿಗೂ ಡಬ್ಬಿಗೂ ಸಂಬಂಧ ಸರಿಯಾಗಿಯೇ ಇತ್ತು, ಅವುಗಳ ಹಿಂದಿರುವ ನಮಗೇ ಬಾಗಿಲು ಸಿಗುತ್ತಿರಲಿಲ್ಲ. ನಾನು ನನ್ನ ಬಾಗಿಲ ನಂಬರು ಹೊಡೆದು ಕೇಳಿದೆ, ಉತ್ತರವಿಲ್ಲ. ಗಿರಿಜಾ ತನ್ನದನ್ನು ಕೇಳಿದಳು, ಉತ್ತರವಿಲ್ಲ. ಕಂಪ್ಯೂಟರಿನಿಂದ ಡಬ್ಬಿಗೆ ಬರುವ ತಂತಿ ಬದಲಿಸಿದೆವು. ಇಲಿ ಕಡಿದಿದೆಯೋ ಎಂದು ಮೂಲೆ ಮೂಲೆ ನೋಡಿದೆವು. ಎಲೆಕ್ಟ್ರಿಷಿಯನ್ ಖಾಸಿಂ ಸಾಬ್ ಅಂಗಳದ ಕಂಬಗಳನ್ನೆಲ್ಲ ಹತ್ತಿ ಇಳಿದು, ಮೇಲೆ ಕಾಗೆ ಗೂಡು ಬಿಟ್ಟರೆ ಬೇರೇನೂ ಇಲ್ಲ ಎಂದು ಹೇಳಿ ಬೀಡಿ ಹಚ್ಚಿದ. ಎಲ್ಲವನ್ನೂ ಆರಿಸಿ ಮತ್ತೆ ಹಚ್ಚಿದೆವು. ಅಷ್ಟರಲ್ಲಿ ಹನುಮಂತಪ್ಪ ತೂಕದ ಚೀಟಿಗಳನ್ನು ಕೈಯಲ್ಲಿ ಹಿಡಿದು ಅಂಗಳ ದಾಟಿ ಬರುವುದು, ನಾನು ಅವನ್ನು ಕೈಯಾರೆ ಕಂಪ್ಯೂಟರಿನಲ್ಲಿ ಹೊಡೆಯುವುದು ಶುರುವಾಗಿತ್ತು. ಬಿಸಿಲೇರುತ್ತಿತ್ತು, ಬಂಡಿಯ ಮೇಲೆ ಕಬ್ಬು ಒಣಗುತ್ತಿತ್ತು, ಒಣಗಿದರೆ ತೂಕ ಇಳಿಯುತ್ತದೆಂದು ಬಂಡಿಯವರ ದನಿ ಏರುತ್ತಿತ್ತು.

ಮಧ್ಯಾಹ್ನ ಗೌಡರು ಬಂದು ಎಲ್ಲರನ್ನೂ ಆಫೀಸಿನಲ್ಲಿ ನಿಲ್ಲಿಸಿಕೊಂಡರು. ಹುಬ್ಬಳ್ಳಿಗೆ ಫೋನು ಮಾಡಿದ್ದರಂತೆ. ಎರಡೂ ಡಬ್ಬಿ ಒಮ್ಮೆಗೇ ಬಾಯಿ ಮುಚ್ಚಿದ್ದರೆ ಒಳಗೆ ನೀರಿಳಿದು ಕೆಟ್ಟಿರಬೇಕು, ನಾಳಿದ್ದು ಬಂದು ನೋಡುತ್ತೇನೆ ಎಂದು ಎಂಜಿನಿಯರ್ ಹೇಳಿದ್ದನಂತೆ. ನೀರು ಎಲ್ಲಿಂದ ಬಂತು ಎಂದು ಗೌಡರು ಕೇಳಿದರು. ಪೂಜೆಯ ದಿನ ನೀರಲ್ಲಿ ತೇಯ್ದ ಆ ವಿಭೂತಿಯನ್ನು ಹೊಗಳಿದವರು ತಾವೇ ಎಂಬುದು ಅವರಿಗೆ ಮರೆತುಹೋಗಿತ್ತು.

"ಪೂಜಿಗೆ ಒಯ್ದಾಕಿ ನಾನ ರೀ," ಅಂದಳು ಗಿರಿಜಾ. "ವಾರಿಜಾಗ ಮನಸಿರಲಿಲ್ಲ. ಆಕಿ ಡಬ್ಬಿನೂ ನಾನ ಬಿಚ್ಚಿಸಿದ್ದು."

"ಹಂಗಂದ್ರ ಹುಬ್ಬಳ್ಳಿಯವ ಬಂದು ಹೋಗೂತನ ನೋಡೂಣು," ಅಂದರು ಗೌಡರು. "ಆಮ್ಯಾಲೆ ನೀ ಬಂಡ್ರಿ ಬಸ್ ಹತ್ತಿದ್ರೂ ನಡೀತೈತಿ."

ಗಿರಿಜಾ ತಲೆಯಾಡಿಸಿ ಯಾರ್ಡಿಗೆ ಹೋದಳು. ಅವಳ ಮುಖ ಬಾಡಿದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು. ನನಗೆ ಕನಿಕರ ಬರಬೇಕಾಗಿತ್ತು. ಬಂದದ್ದು ಬೇರೆ. ತಪ್ಪನ್ನು ಕೂಡ ಇವಳು ಎಷ್ಟು ಸಲೀಸಾಗಿ ಒಪ್ಪಿಕೊಂಡಳು, ನನ್ನನ್ನು ಬಿಡಿಸಿ ಎಷ್ಟು ದೊಡ್ಡವಳಾದಳು ಎಂದು ಮತ್ತೆ ಹೊಟ್ಟೆ ಉರಿಯಿತು. ಸೋಲುವುದರಲ್ಲೂ ನನಗಿಂತ ಮುಂದೆ ಇದ್ದಳು.

ಊಟವಾದ ಮೇಲೆ ಆಫೀಸು ಖಾಲಿಯಿದ್ದಾಗ ನಾನು ಇನ್ನೊಮ್ಮೆ ಡಬ್ಬಿಯ ಹಿಂದಿನ ತಂತಿ ಅಲುಗಾಡಿಸಿ ನೋಡೋಣವೆಂದು ಸ್ಟೂಲು ಹತ್ತಿದೆ. ಅದನ್ನು ಇಟ್ಟಿದ್ದುದು ಬೀರುವಿನ ಮೇಲೆ, ಸೂರಿಗೆ ಒತ್ತಿದ ಜಾಗದಲ್ಲಿ. ಕೆಳಗಿನಿಂದ ಕಾಣುವುದು ಮುಂದಿನ ದೀಪಗಳು ಮಾತ್ರ. ಕೈಯನ್ನು ಮೇಲಿನಿಂದ ಬಳಸಿ ಹಿಂದಕ್ಕೆ ಚಾಚಿ ತಂತಿ ಒತ್ತಿ, ಕೈ ತೆಗೆದೆ. ಬೆರಳುಗಳು ಬೆಳ್ಳಗಾಗಿದ್ದವು. ಮೂಗಿನ ಹತ್ತಿರ ತಂದೆ. ವಿಭೂತಿ.

ಸ್ಟೂಲಿನ ಮೇಲೆ ಹಾಗೇ ನಿಂತೆ. ನಾನು ಇಟ್ಟದ್ದು ಕುಂಕುಮ. ವಿಭೂತಿ ಹಚ್ಚಿದ್ದು ಅವಳು, ಅವಳ ಡಬ್ಬಿಗೆ. ಆ ಮೂರು ಗೆರೆ ಎಳೆಯುವುದನ್ನು ನಾನು ಕಣ್ಣು ಪಿಳುಕಿಸದೆ ನೋಡಿದ್ದೆ, ಬೇರೆ ಯಾರು ಮರೆತರೂ ನಾನು ಮರೆಯುವಂತಿರಲಿಲ್ಲ. ಡಬ್ಬಿ ಕೆಟ್ಟಿರಲಿಲ್ಲ. ಹನುಮಂತಪ್ಪ ಅವಳದನ್ನು ಇಲ್ಲಿಗೂ ನನ್ನದನ್ನು ಅಲ್ಲಿಗೂ ತಂದಿಟ್ಟಿದ್ದ. ನಮ್ಮ ಕಂಪ್ಯೂಟರುಗಳು ಆಫೀಸಿನ ಬಾಗಿಲ ನಂಬರನ್ನು ಇಲ್ಲಿ ಹುಡುಕುತ್ತಿದ್ದವು, ಆ ಬಾಗಿಲು ಯಾರ್ಡಿನಲ್ಲಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ನಮ್ಮ ಬೆಳಗಿನ ಪಾಡು. ಕೆಳಗಿಳಿದು, ನನ್ನ ಕಂಪ್ಯೂಟರಿಗೆ ಯಾರ್ಡಿನ ಕಡೆಯ ವಿಳಾಸ ಕೊಟ್ಟು, ಯಾರ್ಡಿನ ಬಾಗಿಲ ನಂಬರು ಹೊಡೆದು ಕೇಳಿದೆ. ಇದ್ದೇನೆ, ಇದ್ದೇನೆ, ಇದ್ದೇನೆ ಎಂದು ಸಾಲು ಸಾಲು ಉತ್ತರ ಬಂತು.

ಈಗ ನಾನು ಸುಮ್ಮನೆ ಕೂತಿದ್ದರೆ ಸಾಕಿತ್ತು. ನಾಳಿದ್ದು ಹುಬ್ಬಳ್ಳಿಯವನು ಬರುತ್ತಾನೆ, ಅಷ್ಟರಲ್ಲಿ ಬಂಡಿಯವರ ಬೈಗುಳವೆಲ್ಲ ಗಿರಿಜಾಳ ತಲೆಯ ಮೇಲೆ, ಕುರ್ಚಿ ನನಗೆ. ಇದು ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾದೀತು. ಹೊಳೆಯಿತು, ಚೆನ್ನಾಗಿಯೇ ಹೊಳೆಯಿತು. ಆದರೆ ಅದರ ಹಿಂದೆಯೇ ಇನ್ನೊಂದು ಚಿತ್ರ ಬಂತು: ಹುಬ್ಬಳ್ಳಿಯವನು ಬಂದು ಬೆರಳಾಡಿಸಿ, ಅಯ್ಯೋ ಅದಲು ಬದಲಾಗಿದೆ ಎಂದು ಹೇಳಿ, ಗೌಡರು ಅವನ ಬೆನ್ನು ತಟ್ಟಿ, ನಾನು ಪಕ್ಕದಲ್ಲಿ ಸೆರಗು ಸರಿಮಾಡಿಕೊಳ್ಳುತ್ತ ನಿಂತಿರುವುದು. ಕಂಡುಹಿಡಿದವಳು ನಾನು, ಹೆಸರು ಅವನಿಗೆ. ಅದನ್ನು ನೆನೆಸಿಕೊಂಡೇ ಮೈ ಬಿಸಿಯಾಯಿತು. ಗಿರಿಜಾಳ ಮೇಲಿನ ಹೊಟ್ಟೆಕಿಚ್ಚನ್ನು ಮುಖವೂ ಸರಿಯಾಗಿ ನೆನಪಿಲ್ಲದ ಆ ಎಂಜಿನಿಯರನ ಮೇಲಿನ ಹೊಟ್ಟೆಕಿಚ್ಚು ಮೀರಿಸಿತು. ಯಾರ್ಡಿಗೆ ಫೋನು ಮಾಡಿದೆ.

"ಗಿರಿಜಾ, ನಿನ್ನ ಡಬ್ಬಿ ನೆತ್ತಿ ಮ್ಯಾಲೆ ಒಂಚೂರು ಕೈ ಆಡಿಸಿ ನೋಡು. ಏನು ಹತ್ತತದ ಹೇಳು."

ಬಂಡಿಗಳ ಗದ್ದಲದ ನಡುವೆ ಅವಳು ಫೋನನ್ನು ಮೇಜಿನ ಮೇಲಿಟ್ಟು ಎದ್ದ ಸದ್ದು ಕೇಳಿಸಿತು. ಅಲ್ಲಿ ಕಬ್ಬಿನ ಒಣಗಿದ ಎಲೆಯ ರವುದಿ, ಕೆಂಪು ಧೂಳು ಎಲ್ಲದರ ಮೇಲೂ ಕೂರುತ್ತಿತ್ತು, ಕುಂಕುಮ ಕಣ್ಣಿಗೆ ಕಂಡರೂ ಯಾರೂ ಗುರುತಿಸುವಂತಿರಲಿಲ್ಲ.

"ಧೂಳು," ಅಂದಳು. ಆಮೇಲೆ, "ತಡಿ. ಅಕ್ಕಿಕಾಳು ಐತಿ." ಆಮೇಲೆ ಫೋನು ಇಟ್ಟಳು.

ನಾನು ಡಬ್ಬಿ ಬಿಚ್ಚಿಕೊಂಡು ಅಂಗಳಕ್ಕಿಳಿದೆ. ಎತ್ತುಗಳ ನಡುವೆ, ಕಬ್ಬಿನ ಹೊರೆಗಳ ನಡುವೆ ದಾರಿ ಮಾಡಿಕೊಂಡು ನಡೆದೆ. ಆ ಕಡೆಯಿಂದ ಅವಳು ನನ್ನ ಡಬ್ಬಿಯನ್ನು ಎದೆಗವಚಿಕೊಂಡು ಬರುತ್ತಿದ್ದಳು. ಅಂಗಳದ ನಡುವೆ ಎದುರಾದೆವು. ಬಂಡಿಯವರು ಬೀಡಿ ಸೇದುವುದನ್ನು ಬಿಟ್ಟು ನೋಡುತ್ತಿದ್ದರು. ಅವಳು ತನ್ನ ಕೈಯಲ್ಲಿದ್ದುದನ್ನು ನನಗೆ ಕೊಟ್ಟು, ನನ್ನ ಕೈಯಲ್ಲಿದ್ದುದನ್ನು ತೆಗೆದುಕೊಂಡು, ದಸರೆಯ ದಿನ ಬನ್ನಿ ಎಲೆ ಕೊಟ್ಟು ಹೇಳುವ ಮಾತನ್ನೇ ಹೇಳಿದಳು.

"ತಗೋ ವಾರಿಜಾ ಬನ್ನಿ. ಬಂಗಾರದಂಗ ಇರೂಣು."

ಅವಳ ಕಣ್ಣು ತುಂಬಿತ್ತು. ನಾನು, ಜಲ್ದಿ ಹೋಗು, ಬಂಡಿ ನಿಂತಾವ ಎಂದು ಗದರಿಸಿ ತಿರುಗಿದೆ. ಡಬ್ಬಿ ಕೂಡಿಸಿ ಕೇಳಿದಾಗ ಎರಡೂ ಕಡೆ ಬಾಗಿಲು ಸಿಕ್ಕಿತು. ಸಂಜೆಯೊಳಗೆ ಸಾಲು ಸೇತುವೆಯಿಂದ ಗೇಟಿಗೆ ಬಂತು. ನಾನು ಹೋಗಿ ಹೇಳಿಕೊಳ್ಳುವ ಮೊದಲೇ ಗಿರಿಜಾ ಗೌಡರ ಬಳಿ ಹೋಗಿ, ಹಿಡಿದವಳು ವಾರಿಜಾ, ನನಗೆ ತಿಳಿಯಲಿಲ್ಲ ಎಂದು ಎಲ್ಲರ ಎದುರಿಗೆ ಹೇಳಿ ಮುಗಿಸಿದ್ದಳು. ಎಷ್ಟು ಹೊತ್ತಿನಿಂದ ನಾನು ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ ಮಾತುಗಳು ಹಾಗೇ ಉಳಿದವು. ಅವಳನ್ನು ಬಂಡ್ರಿಗೆ ಕಳಿಸುವ ಮಾತು ಮತ್ತೆ ಏಳಲಿಲ್ಲ. ಹಂಗಾಮಿನ ನಡುವೆ ಗೌಡರು ನನ್ನನ್ನು ಖಾಯಂ ಮಾಡಿದರು.

ಕುರ್ಚಿ ಸಿಕ್ಕಿತು. ಅದರ ಸುಖ ಬಹಳ ದಿನ ಬರಲಿಲ್ಲ. ಹಂಗಾಮು ಮುಗಿಯುತ್ತಲೂ ಗಿರಿಜಾ, ಯಾರ ಕೈ ಕೆಳಗಿನ ಕೆಲಸವೂ ಸಾಕು ಎಂದು ನಗುತ್ತಲೇ ಹೇಳಿ, ಕಂಪ್ಲಿಗೆ ಹೋಗಿ ಬಾಡಿಗೆ ಕೋಣೆಯಲ್ಲಿ ಕಂಪ್ಯೂಟರ್ ಕಲಿಸುವುದಕ್ಕೆ ಶುರು ಮಾಡಿದಳು. ಮರುವರ್ಷ ಯಾರ್ಡಿಗೆ ಹೋದರೆ ಬಂಡಿಯವರು, ಆ ನಗೋ ಅವ್ವ ಎಲ್ಲಿ ಹೋದಳು ಎಂದು ನನ್ನನ್ನೇ ಕೇಳುತ್ತಿದ್ದರು. ನಾನು ಎರಡೂ ಕಡೆಯ ಮೇಲ್ವಿಚಾರಕಿ. ಆದರೂ ಅಂಗಳದ ಆಚೆಯಿಂದ ನಗು ಕೇಳಿಸದೆ ಇದ್ದಾಗ ಕೆಲಸದಲ್ಲಿ ಉಪ್ಪಿಲ್ಲವೆನಿಸುತ್ತಿತ್ತು, ಅದಕ್ಕೂ ಅವಳನ್ನೇ ಬೈದುಕೊಳ್ಳುತ್ತಿದ್ದೆ.

ಇಷ್ಟೆಲ್ಲ ನೆನೆಯುತ್ತ ಬಾಗಿಲಲ್ಲಿ ನಿಂತವಳನ್ನು ಅವಳೇ ನೋಡಿದಳು. ಕೂದಲು ಪೂರಾ ಬೆಳ್ಳಗಾಗಿತ್ತು, ನಗು ಹಾಗೇ ಇತ್ತು. ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದಳು. ಹುಡುಗಿಯರು ಸಾಲಾಗಿ ನಿಂತಿದ್ದರು. ಗೋಡೆಯ ಬಳಿ ಮಣೆಯ ಮೇಲೆ ಈ ಕಾಲದ ಎರಡು ಡಬ್ಬಿ, ಅಂಟೆನಾ ಇರುವಂಥವು. ಒಂದಕ್ಕೆ ಮೂರು ಗೆರೆ ವಿಭೂತಿ, ಇನ್ನೊಂದರ ನೆತ್ತಿ ಖಾಲಿ.

"ನಾ ವರ್ಷಾ ವರ್ಷಾ ಹೇಳ್ತೀನಲ್ಲ, ಆ ವಾರಿಜಾ ಅಂದ್ರ ಇವರ ನೋಡ್ರಿ," ಅಂದಳು ಹುಡುಗಿಯರಿಗೆ. "ನನ್ನ ನೌಕರಿ ಹೋಗಿ ಆಗಿತ್ತು. ಎರಡು ದಿನ ಸುಮ್ಮನ ಕುಂತಿದ್ರ ಕುರ್ಚಿ ಈಕಿದು. ಆದ್ರ ಈಕಿ ಜೀವ ತಡೀಲಿಲ್ಲ, ನನಗ ಫೋನ್ ಹಚ್ಚಿದ್ಲು. ಮನಷ್ಯಾರು ಅಂದ್ರ ಹಂಗಿರಬೇಕವ್ವ."

ಹುಡುಗಿಯರು ನನ್ನನ್ನು ನೋಡಿದರು. ಅಂಥ ನೋಟವನ್ನು ಯಾರೂ ಎಂದೂ ನನ್ನ ಮೇಲೆ ಹಾಕಿರಲಿಲ್ಲ. ಜೀವ ತಡೆಯದೆ ಇದ್ದದ್ದು ನಿಜ, ಆದರೆ ಯಾವುದಕ್ಕೆ ತಡೆಯಲಿಲ್ಲ ಎಂದು ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಗಿರಿಜಾ ಕುಂಕುಮದ ಭರಣಿ ನನ್ನ ಮುಂದೆ ಹಿಡಿದು, ಪ್ರತಿ ವರ್ಷ ನಿನ್ನ ಹೆಸರಿನಲ್ಲಿ ನಾನೇ ಇಡುತ್ತಿದ್ದೆ, ಈ ಸಲ ನೀನೇ ಇಡು ಎಂದಳು. ಖಾಲಿ ನೆತ್ತಿಯ ಡಬ್ಬಿಗೆ ಬೊಟ್ಟು ಇಟ್ಟೆ. ಬೊಟ್ಟು ಸೊಟ್ಟಗಾಯಿತು.

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕಾಲುವೆಯ ಉದ್ದಕ್ಕೂ ಕಬ್ಬು ಎದ್ದು ನಿಂತಿತ್ತು. ಬೆರಳಿನ ಕುಂಕುಮ ಒರೆಸಿಕೊಳ್ಳದೆ ಹಾಗೇ ಕೂತಿದ್ದೆ. ಎಷ್ಟು ಕೆದಕಿದರೂ ಗಿರಿಜಾಳ ಮೇಲೆ ಉರಿ ಏಳಲಿಲ್ಲ, ಅದು ನನಗೆ ಹೊಸದು. ಹೊಟ್ಟೆ ಮಾತ್ರ ಉರಿಯುತ್ತಲೇ ಇತ್ತು. ಊರು ಹತ್ತಿರವಾದಾಗ ತಿಳಿಯಿತು, ನಾನು ಉರಿಯುತ್ತಿದ್ದುದು ಅವಳ ಕಥೆಯಲ್ಲಿರುವ ಆ ವಾರಿಜಾಳನ್ನು ಕಂಡು.